ಲಿಮಿಟ್ಸ್.ಕಾನ್ಫ್ ಸಾಕೇ, ಯೂಸರ್ ಸ್ಲೈಸ್ ಬೇಕೇ?

ಹಲವರು ಲಾಗಿನ್ ಆಗುವ ಲಿನಕ್ಸ್ ಸರ್ವರ್‌ನಲ್ಲಿ ಒಬ್ಬರೇ ಮೆಮೊರಿಯನ್ನೆಲ್ಲ ನುಂಗದಂತೆ ತಡೆಯಬೇಕಿದ್ದರೆ ನನ್ನ ಮತ ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಯೂಸರ್ ಸ್ಲೈಸ್‌ಗೆ, ಅಂದರೆ ಒಬ್ಬ ಬಳಕೆದಾರರ ಪ್ರೊಸೆಸ್‌ಗಳನ್ನೆಲ್ಲ ಒಟ್ಟಿಗೆ ಅಳೆಯುವ ಗುಂಪಿಗೆ. ಲಾಗಿನ್ ಹೊತ್ತಿನಲ್ಲಿ ಮಿತಿ ಹಾಕುವ ಲಿಮಿಟ್ಸ್.ಕಾನ್ಫ್ ಕಡತ ಈಗಲೂ ಬೇಕು, ಆದರೆ ಚಿಲ್ಲರೆ ಕೆಲಸಕ್ಕೆ ಮಾತ್ರ.

ಲಿಮಿಟ್ಸ್.ಕಾನ್ಫ್‌ನ ಬಹುಪಾಲು ಮಿತಿಗಳು ಅನ್ವಯವಾಗುವುದು ಬಳಕೆದಾರರಿಗಲ್ಲ, ಅವರ ಒಂದೊಂದು ಪ್ರೊಸೆಸ್‌ಗೆ. ‘ಎಎಸ್’ಗೆ (ವಿಳಾಸ ಜಾಗದ ಮಿತಿ) 4 ಜಿಬಿ ಕೊಟ್ಟು ನೋಡಿ: ತಲಾ 3 ಜಿಬಿ ತಿನ್ನುವ ಇಪ್ಪತ್ತು ಪ್ರೊಸೆಸ್‌ಗಳು ನಿರಾತಂಕವಾಗಿ ಓಡುತ್ತವೆ. ಅದೇ ಹೊತ್ತಿಗೆ ಕಡಿಮೆ ರ್‍ಯಾಮ್ ಬಳಸುವ ಜಾವಾ ಪ್ರೋಗ್ರಾಮ್ ಶುರುವಾಗುವ ಮೊದಲೇ ಬೀಳಬಹುದು, ಏಕೆಂದರೆ ಇಲ್ಲಿ ಎಣಿಕೆಯಾಗುವುದು ಕಾದಿರಿಸಿದ ವರ್ಚುವಲ್ ವಿಳಾಸಗಳು. ನಿಜವಾಗಿ ಬಳಕೆಯಾಗುವ ರ್‍ಯಾಮ್‌ಗೆ ಮಿತಿ ಹಾಕಬೇಕಿದ್ದ ‘ಆರ್‌ಎಸ್‌ಎಸ್’ ಸಾಲಂತೂ ಕರ್ನಲ್ 2.4.30ರಿಂದಲೇ ನಿಷ್ಪ್ರಯೋಜಕ. ಆದರೆ ‘ಎನ್‌ಪ್ರಾಕ್’ (ಪ್ರೊಸೆಸ್‌ಗಳ ಸಂಖ್ಯೆಯ ಮಿತಿ) ಇಡೀ ಯುಐಡಿಗೆ, ಅಂದರೆ ಬಳಕೆದಾರರ ಗುರುತಿನ ಸಂಖ್ಯೆಗೆ, ಎಣಿಸುತ್ತದೆ. ಥ್ರೆಡ್‌ಗಳೂ ಅದರಲ್ಲಿ ಸೇರುತ್ತವೆ.

ಸ್ಲೈಸ್‌ನಲ್ಲಿ ಒಂದೇ ಕಡತ ಸಾಕು. /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್/ಯೂಸರ್-.ಸ್ಲೈಸ್.ಡಿ/ ಫೋಲ್ಡರಿನಲ್ಲಿ 50-ಮಿತಿ.ಕಾನ್ಫ್ ಮಾಡಿ, [ಸ್ಲೈಸ್] ಎಂಬ ಸಾಲಿನ ಕೆಳಗೆ ಮೆಮೊರಿಹೈ=3ಜಿ, ಮೆಮೊರಿಮ್ಯಾಕ್ಸ್=4ಜಿ, ಸಿಪಿಯುಕೋಟಾ=200% ಬರೆದು, ಸಿಸ್ಟಮ್‌ಡಿ ಕಡತಗಳನ್ನು ಮತ್ತೆ ಓದುವಂತೆ ಡೀಮನ್-ರೀಲೋಡ್ ಆಜ್ಞೆ ಕೊಡಿ. ‘ಯೂಸರ್-’ ಎಂಬುದರ ಕೊನೆಯ ಅಡ್ಡಗೆರೆ ಮರೆಯಬೇಡಿ. ಎಲ್ಲ ಯುಐಡಿಗಳಿಗೂ ಹಬ್ಬಿಸುವುದು ಅದೇ (ಸಿಸ್ಟಮ್‌ಡಿ 239 ಅಥವಾ ಹೊಸದು ಬೇಕು). ‘ಹೈ’ ದಾಟಿದರೆ ಪ್ರೊಸೆಸ್‌ಗಳು ತೆವಳುತ್ತವೆ. ‘ಮ್ಯಾಕ್ಸ್’ ಮುಟ್ಟಿದರೆ ಆ ಸ್ಲೈಸ್‌ನೊಳಗೇ ಯಾವುದಾದರೂ ಸಾಯುತ್ತದೆ, ಪಕ್ಕದವರಿಗೆ ತೊಂದರೆಯಿಲ್ಲ. ಸ್ವಾಪ್ (ರ್‍ಯಾಮ್‌ನಿಂದ ಡಿಸ್ಕ್‌ಗೆ ಸರಿಸಿದ ಮೆಮೊರಿ) ಬೇರೆ ಲೆಕ್ಕ, ಅದಕ್ಕೆ ಮೆಮೊರಿಸ್ವಾಪ್‌ಮ್ಯಾಕ್ಸ್. ಒಬ್ಬರಿಗಷ್ಟೇ ಸಡಿಲಿಸಲು ಸೆಟ್-ಪ್ರಾಪರ್ಟಿ ಆಜ್ಞೆ. ಮತ್ತೆ ಲಾಗಿನ್ ಬೇಕಿಲ್ಲ.

ತಲೆನೋವು ಇರುವುದು ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ. ಬಳಕೆದಾರರನ್ನು ಸ್ಲೈಸ್‌ಗೆ ಸೇರಿಸುವ ಕೆಲಸ ಪಿಎಎಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ಒಳಗಿನ ಪಿಎಎಮ್_ಸಿಸ್ಟಮ್‌ಡಿ ಮಾಡ್ಯೂಲ್‌ನದು. ಡೆಬಿಯನ್‌ನ ಕ್ರಾನ್ ಸಂರಚನೆಯಲ್ಲಿ ಆ ಮಾಡ್ಯೂಲ್ ಮೊದಲಿನಿಂದ ಇಲ್ಲ. ಹಾಗಾಗಿ ಎಸ್‌ಎಸ್‌ಎಚ್‌ನಲ್ಲಿ 4 ಜಿಬಿಗೆ ಕಟ್ಟಿಹಾಕಿದ ಬಳಕೆದಾರ ಅದೇ ಸ್ಕ್ರಿಪ್ಟನ್ನು ಕ್ರಾನ್‌ಟ್ಯಾಬ್‌ಗೆ ಹಾಕಿದರೆ, ಅದು ಸಿಸ್ಟಮ್.ಸ್ಲೈಸ್‌ನ ಕ್ರಾನ್ ಸರ್ವಿಸ್‌ನಡಿ ಓಡುತ್ತದೆ, ಸ್ಲೈಸ್‌ನ ಯಾವ ಮಿತಿಯೂ ಇಲ್ಲದೆ. /ಪ್ರಾಕ್/ಪಿಐಡಿ/ಸಿಗ್ರೂಪ್ ತೆರೆದರೆ ಗೊತ್ತಾಗುತ್ತದೆ. ಕ್ರಾನ್ ಸರ್ವಿಸ್‌ಗೇ ಮೆಮೊರಿಮ್ಯಾಕ್ಸ್ ಹಾಕಬಹುದು, ಆದರೆ ಆಗ ಒಬ್ಬರ ದುರಾಸೆಗೆ ಎಲ್ಲರ ಕ್ರಾನ್ ಕೆಲಸವೂ ಬಲಿಯಾಗಬಹುದು. ಲಿಂಗರ್ (ಲಾಗೌಟ್ ಆದಮೇಲೂ ಬಳಕೆದಾರರ ಸೇವೆಗಳು ಓಡುವ ಸೌಲಭ್ಯ) ಚಾಲೂ ಮಾಡಿ, ಯೂಸರ್ ಟೈಮರ್ ಬಳಸುವಂತೆ ಹೇಳುವುದು ಮೇಲು. ಅವು ಸ್ಲೈಸ್‌ನೊಳಗೇ ಇರುತ್ತವೆ. ಈ ಒಂದು ವಿಷಯದಲ್ಲಿ ಲಿಮಿಟ್ಸ್.ಕಾನ್ಫ್ ಗೆಲ್ಲುತ್ತದೆ: ಡೆಬಿಯನ್‌ನಲ್ಲಿ ಕ್ರಾನ್ ಪಿಎಎಮ್_ಲಿಮಿಟ್ಸ್ ಮೂಲಕವೇ ಹಾದುಬರುತ್ತದೆ. ಡಾಕರ್ ಕಂಟೇನರ್‌ಗಳನ್ನು ಹುಟ್ಟಿಸುವುದು ಸಾಮಾನ್ಯವಾಗಿ ರೂಟ್‌ನ (ಆಡಳಿತ ಖಾತೆಯ) ಡೀಮನ್, ಅಂದರೆ ಹಿನ್ನೆಲೆ ಪ್ರೋಗ್ರಾಮ್. ಹಾಗಾಗಿ ಅವೂ ಬಳಕೆದಾರರ ಸ್ಲೈಸ್‌ಗೆ ಸೇರುವುದಿಲ್ಲ.

ಇನ್ನೊಂದು: ಲಿಮಿಟ್ಸ್.ಕಾನ್ಫ್‌ನ ನಕ್ಷತ್ರ ಚಿಹ್ನೆ ರೂಟ್‌ಗೆ ತಾಗುವುದಿಲ್ಲ, ಯೂಸರ್-.ಸ್ಲೈಸ್ ತಾಗುತ್ತದೆ. ರೂಟ್‌ನ ಯುಐಡಿ 0. ಹಾಗಾಗಿ ಯೂಸರ್-0.ಸ್ಲೈಸ್.ಡಿ ಒಳಗೆ ಅದೇ 50-ಮಿತಿ.ಕಾನ್ಫ್ ಹೆಸರಿನ ಕಡತವಿಟ್ಟು ಮೆಮೊರಿಮ್ಯಾಕ್ಸ್=ಇನ್ಫಿನಿಟಿ ಬರೆಯಿರಿ; ಹೆಸರು ಒಂದೇ ಆದ್ದರಿಂದ ಸಾಮಾನ್ಯ ಕಡತವನ್ನು ಇದು ಪೂರ್ತಿ ಮರೆಮಾಡುತ್ತದೆ.

ಪ್ರೊಫೈಲ್ ಕಡತದಲ್ಲಿ ಯುಲಿಮಿಟ್ (ಮಿತಿ ಹಾಕುವ ಶೆಲ್ ಆಜ್ಞೆ) ಬರೆಯುವುದು ಲೆಕ್ಕಕ್ಕಿಲ್ಲ. ಲಾಗಿನ್ ಶೆಲ್ ಅಲ್ಲದಿದ್ದರೆ ಅದನ್ನು ಯಾರೂ ಓದುವುದಿಲ್ಲ.

ನನ್ನ ಹಂಚಿಕೆ ಹೀಗೆ: ನೋಫೈಲ್ (ತೆರೆದ ಕಡತಗಳ ಸಂಖ್ಯೆ), ಕೋರ್ (ಕ್ರ್ಯಾಶ್ ಆದಾಗಿನ ಕಡತದ ಗಾತ್ರ), ಮ್ಯಾಕ್ಸ್‌ಲಾಗಿನ್ಸ್ ಲಿಮಿಟ್ಸ್.ಕಾನ್ಫ್‌ನಲ್ಲಿ; ಮೆಮೊರಿ, ಸಿಪಿಯು, ಟಾಸ್ಕ್ಸ್‌ಮ್ಯಾಕ್ಸ್ (ಪ್ರೊಸೆಸ್ ಮತ್ತು ಥ್ರೆಡ್‌ಗಳ ಸಂಖ್ಯೆ) ಸ್ಲೈಸ್‌ನಲ್ಲಿ. ಸ್ಲೈಸ್‌ಗಳು ನಿಂತಿರುವುದು ಸಿಗ್ರೂಪ್ ಎಂಬ ಕರ್ನಲ್ ಸೌಲಭ್ಯದ ಮೇಲೆ; ಹಳೆಯ ಯಂತ್ರವಾದರೆ ಅದರ ಆವೃತ್ತಿ ತಿಳಿಯಲು ಮೊದಲು ‘ಸ್ಟ್ಯಾಟ್ -ಎಫ್‌ಸಿ %ಟಿ /ಸಿಸ್/ಎಫ್‌ಎಸ್/ಸಿಗ್ರೂಪ್’ ಓಡಿಸಿ. ಸಿಗ್ರೂಪ್2ಎಫ್‌ಎಸ್ ಎಂದು ಬಾರದೆ ಟಿಎಂಪಿಎಫ್‌ಎಸ್ ಬಂದರೆ ಮೆಮೊರಿಹೈ ಅಲ್ಲಿ ಕೆಲಸ ಮಾಡುವುದಿಲ್ಲ.