ಯುವನಿಧಿ: ಎಂಟು ತಿಂಗಳು ಹಣ ಪಡೆದ ಮೇಲೆ ನನ್ನ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಕೊಡುತ್ತೇನೆ. ಬಂದ ಹಣಕ್ಕೆ ಪೂರ್ತಿ ಐದು. ಅಂಕ ಕಡಿಮೆಯಾಗಿದ್ದು ಹಣ ಬರುವ ದಾರಿಗೆ. ಅದಕ್ಕಿಂತ ಜಾಸ್ತಿ ಕಡಿಮೆಯಾಗಿದ್ದು ಒಂದು ನಿಯಮಕ್ಕೆ. ಆ ನಿಯಮ ನಮ್ಮ ಕೊಡಗಿನ ಕೆಲಸದ ರೀತಿಗೆ ಹೊಂದುವುದೇ ಇಲ್ಲ. ಅದನ್ನು ಹೇಳಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ನಾಪೋಕ್ಲು ಕಡೆಯವಳು. ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ನನ್ನ ಬಿ.ಕಾಂ. ಫಲಿತಾಂಶ ಬಂತು. ಯುವನಿಧಿ ಏನು ಅಂತ ಹೆಚ್ಚಿನವರಿಗೆ ಗೊತ್ತಿದೆ, ಆದರೂ ಚಿಕ್ಕದಾಗಿ ಹೇಳುತ್ತೇನೆ. ಇದು ರಾಜ್ಯ ಸರ್ಕಾರದ ಐದನೇ ಗ್ಯಾರಂಟಿ. 2023ರ ಡಿಸೆಂಬರ್ 26ರಿಂದ ಅರ್ಜಿ ತೆಗೆದುಕೊಂಡರು, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟರು. ಡಿಗ್ರಿ ಮುಗಿಸಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಮುಂದೆ ಓದುತ್ತಿರಬಾರದು, ಸ್ವಂತ ಉದ್ಯೋಗ ಇರಬಾರದು, ಅಪ್ರೆಂಟಿಸ್ ಆಗಿ ವೇತನ ಪಡೆಯುತ್ತಿರಬಾರದು. ಮೊದಲು 2022-23ರಲ್ಲಿ ಪಾಸಾದವರಿಗೆ ಶುರುವಾಗಿದ್ದು, ಆಮೇಲಿನ ವರ್ಷದವರಿಗೂ ಬಂತು.

180 ದಿನ ಲೆಕ್ಕ ಹಾಕಿ 2024ರ ಮಾರ್ಚ್‌ನಲ್ಲಿ ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರಕ್ಕೆ ಹೋದೆ. ಅಲ್ಲಿರುವ ಅಕ್ಕನ ಬಗ್ಗೆ ಒಳ್ಳೆಯ ಮಾತು ಹೇಳದೆ ಇರಲಾರೆ. ಸೇವಾ ಸಿಂಧುವಿನಲ್ಲಿ ನನ್ನ ರಿಜಿಸ್ಟರ್ ನಂಬರ್ ಹಾಕಿದರೆ ಮಾರ್ಕ್ಸ್ ಕಾರ್ಡ್ ವಿವರ ತಾನಾಗಿ ಬರಬೇಕಿತ್ತು, ಬರಲಿಲ್ಲ. ಇನ್ನೊಬ್ಬರಾಗಿದ್ದರೆ "ಆಗಲ್ಲ, ಹೋಗಿ" ಅಂದುಬಿಡುತ್ತಿದ್ದರು. ಅಕ್ಕ ಕುಳಿತು ವಿಷಯ ಬಿಡಿಸಿ ಹೇಳಿದರು. ನಮ್ಮ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಎಲ್ಲ ನ್ಯಾಡ್ ಎನ್ನುವ ರಾಷ್ಟ್ರೀಯ ಡಿಜಿಟಲ್ ಭಂಡಾರಕ್ಕೆ ಏರಿರಬೇಕು, ಸರ್ಕಾರ ಅಲ್ಲಿಂದಲೇ ಪರಿಶೀಲಿಸುತ್ತದೆ, ನಿನ್ನದು ಇನ್ನೂ ಏರಿಲ್ಲ, ಕಾಲೇಜಿನಲ್ಲಿ ಕೇಳು ಅಂದರು. ಕಾಲೇಜಿಗೆ ಮೂರು ಸಲ ಹೋದೆ. ಮೊದಲ ಸಲ ನ್ಯಾಡ್ ಅಂದರೇನು ಅಂತ ಅವರೇ ನನ್ನನ್ನು ಕೇಳಿದರು. ಎರಡನೇ ಸಲ ಅದು ನಮ್ಮ ಕೆಲಸ ಅಲ್ಲ ಅಂದರು. ಮೂರನೇ ಸಲ ಒಬ್ಬ ಮೇಷ್ಟ್ರು ಫೋನ್ ಮಾಡಿ ವಿಚಾರಿಸಿದ ಮೇಲೆ ಎರಡು ವಾರದಲ್ಲಿ ಆಯಿತು. ಕೆಲಸ ಇಲ್ಲದವಳಿಗೆ ಕೊಡುವ ಹಣಕ್ಕಾಗಿ ಮೂರು ಸಲ ಬಸ್ಸಿಗೆ ಹಣ ಕೊಟ್ಟು ಅಲೆಯಬೇಕಾಯಿತಲ್ಲ ಅಂತ ಆಗ ತುಂಬಾ ಬೇಜಾರಾಗಿತ್ತು. ಶಕ್ತಿ ಯೋಜನೆ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ದಾರಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ. ರೈಲಂತೂ ಕೊಡಗಿಗೆ ಇಲ್ಲವೇ ಇಲ್ಲ.

ಇನ್ನೊಂದು ತೊಡಕು ಬ್ಯಾಂಕಿನದು. ಇದನ್ನು ಅರ್ಜಿ ಹಾಕುವವರೆಲ್ಲ ಗಮನ ಇಟ್ಟು ಓದಿ. ಅರ್ಜಿ ಮಂಜೂರಾಗಿದೆ ಅಂತ ಬಂತು, ಹಣ ಹಾಕಿದ್ದೇವೆ ಅಂತಲೂ ತೋರಿಸುತ್ತಿತ್ತು, ನನ್ನ ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದು ರೂಪಾಯಿ ಇಲ್ಲ. ಕೊನೆಗೆ ಗ್ರಾಮ ಒನ್ ಅಕ್ಕನೇ, ಸರ್ಕಾರದ ಹಣ ಯಾವ ಖಾತೆಗೆ ಹೋಗಿದೆ ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಸಿ ನೋಡಿದರು. ಹಣ ಬೇರೊಂದು ಬ್ಯಾಂಕಿಗೆ ಹೋಗಿತ್ತು! ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆರೆದ ಖಾತೆ, ನನಗೆ ಮರೆತೇಹೋಗಿತ್ತು. ಇಂಥ ಹಣ ನಾವು ಬರೆದುಕೊಟ್ಟ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಆ ಹಳೇ ಖಾತೆಯನ್ನು ಜೀವಂತ ಮಾಡಿಸಲು ಮತ್ತೆ ಫೋಟೊ, ಆಧಾರ್ ಪ್ರತಿ, ಸಹಿ, ನಾಳೆ ಬನ್ನಿ, ಮ್ಯಾನೇಜರ್ ಇಲ್ಲ. ಎಲ್ಲ ಮುಗಿದು ಮೊದಲ 3,000 ಕೈಗೆ ಬಂದದ್ದು ಮೇ ಕೊನೆಗೆ.

ಮೊದಲ ಹಣ ಬಂದ ದಿನ ಅಮ್ಮನ ಕೈಗೆ ಕೊಟ್ಟೆ. ಅವರು ವಾಪಸ್ ಕೊಟ್ಟರು. "ಇದು ನಿನ್ನ ಓದಿನ ಹಣ, ಅದಕ್ಕೇ ಇಟ್ಟುಕೋ" ಅಂದರು. ಹಾಗೆಯೇ ಮಾಡಿದೆ. ಜೂನ್‌ನಿಂದ ಟ್ಯಾಲಿ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು, ಕಲಿಯಲು ಸೇರಿದೆ. ಮೂರು ತಿಂಗಳಿಗೆ 6,500, ಕಂತಿನಲ್ಲಿ ಕಟ್ಟಿದೆ. ಎರಡು ಪರೀಕ್ಷೆಗೆ ಅರ್ಜಿ ಶುಲ್ಕ ಕಟ್ಟಿದೆ. ಮೈಸೂರಿಗೆ ಇಂಟರ್‌ವ್ಯೂಗೆ ಹೋಗುವಾಗ ಒಂದು ಒಳ್ಳೆಯ ಚಪ್ಪಲಿ, ಒಂದು ಚೂಡಿದಾರ್ ತೆಗೆದುಕೊಂಡೆ. ಮಡಿಕೇರಿಯಿಂದ ಸರ್ಕಾರಿ ಬಸ್ಸು, ಟಿಕೆಟ್ ಉಚಿತ. ಆ ಕೆಲಸ ಸಿಗಲಿಲ್ಲ. ಆದರೆ ಯಾರನ್ನೂ ಕೇಳದೆ ಹೋಗಿ ಬಂದೆ ಅಲ್ವಾ, ಅದರ ಬೆಲೆ ಕೆಲಸ ಹುಡುಕಿದವರಿಗೇ ಗೊತ್ತು. ಓದು ಮುಗಿದ ಮೇಲೆ ಮನೆಯಲ್ಲಿ ಕೂತು ಪ್ರತಿ ಫಾರ್ಮಿಗೂ ಐನೂರು ಕೊಡಿ, ಮುನ್ನೂರು ಕೊಡಿ ಅಂತ ಅಮ್ಮನ ಮುಂದೆ ನಿಲ್ಲುವುದು ತುಂಬಾ ಕಷ್ಟ. ಕೆಲವರು ಸುಮ್ನೆ ಕೂತವರಿಗೆ ಹಣ ಅಂತಾರೆ. ನಾನು ಸುಮ್ನೆ ಕೂರಲಿಲ್ಲ, ನನ್ನ ಜೊತೆ ಓದಿದ ಒಬ್ಬಳೂ ಸುಮ್ನೆ ಕೂತಿದ್ದನ್ನು ನಾನು ನೋಡಿಲ್ಲ.

ನನ್ನ ಕಾಲದಲ್ಲಿ ಪ್ರತಿ ತಿಂಗಳು 25ರೊಳಗೆ, ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಸ್ವಯಂ ಘೋಷಣೆ ಹಾಕಬೇಕಿತ್ತು. ಈಗ ಅದನ್ನು ಮೂರು ತಿಂಗಳಿಗೊಮ್ಮೆ ಮಾಡಿದ್ದಾರೆ, ಒಳ್ಳೆಯದಾಯಿತು. ಯಾಕೆ ಅಂದರೆ ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡೆ ಮಳೆ ಹಿಡಿದರೆ ಮರ ಬಿದ್ದು ಕರೆಂಟು ಹೋಗುತ್ತದೆ, ಎರಡು ಮೂರು ದಿನ ಬರುವುದಿಲ್ಲ, ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಒಟಿಪಿ ಎಲ್ಲಿಂದ ಬರಬೇಕು? ಕಕ್ಕಡ ತಿಂಗಳ ಮಳೆಯಲ್ಲಿ ಒಂದು ದಿನ ಕೊಡೆ ಹಿಡಿದು ಗುಡ್ಡದ ಮೇಲಿನ ತಿರುವಿಗೆ ಹೋಗಿ ನಿಂತು, ಒಂದು ಗೀಟು ಸಿಗ್ನಲ್ ಬಂದಾಗ ಘೋಷಣೆ ಹಾಕಿದ್ದೇನೆ. ಇದನ್ನು ಬೆಂಗಳೂರಿನಲ್ಲಿ ಕೂತು ಕೊನೆಯ ದಿನ ಗೊತ್ತು ಮಾಡುವವರು ತಿಳಿದುಕೊಳ್ಳಬೇಕು. ಮಳೆಗಾಲದ ತಿಂಗಳಿಗೆ ಕೊಡಗಿಗೆ ಹತ್ತು ದಿನ ಹೆಚ್ಚು ಕೊಟ್ಟರೆ ಯಾರಿಗೂ ನಷ್ಟ ಇಲ್ಲ.

ಈಗ ಆ ನಿಯಮದ ವಿಷಯ. ಡಿಸೆಂಬರ್ ಕೊನೆಯಲ್ಲಿ ರೊಬಸ್ಟಾ ಹಣ್ಣಾಗಲು ಶುರುವಾಯಿತು. ಅಮ್ಮ ಹೋಗುವ ತೋಟದಲ್ಲಿ ರೈಟರ್‌ಗೆ, ಅಂದರೆ ತೋಟದ ಲೆಕ್ಕ ಬರೆಯುವವರಿಗೆ, ಒಬ್ಬರು ಸಹಾಯಕ್ಕೆ ಬೇಕಿತ್ತು. ಸಂಜೆ ಹಣ್ಣು ಕುಯ್ದವರು ಚೀಲ ತಂದು ಇಳಿಸಿದಾಗ ತೂಕ ನೋಡಿ ಒಬ್ಬೊಬ್ಬರ ಹೆಸರಿನ ಮುಂದೆ ಬರೆಯುವುದು, ವಾರದ ಬಟವಾಡೆ ಲೆಕ್ಕ ಹಾಕುವುದು. ಹಣ್ಣು ಕುಯ್ಯುವ ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಬರೆಯುವ ಕೈ ನಂಬಿಕೆಯದ್ದಾಗಿರಬೇಕು. ನಿನ್ನ ಮಗಳು ಬಿ.ಕಾಂ. ಅಲ್ವಾ, ಕಳಿಸು ಅಂದರಂತೆ. ಕೆಲಸ ಸೀಸನ್ ಮುಗಿಯುವವರೆಗೆ ಮಾತ್ರ, ಮಾರ್ಚ್‌ವರೆಗೆ ಅಂತ ಇಟ್ಟುಕೊಳ್ಳಿ.

ನಾನು ಒಪ್ಪಿಕೊಂಡೆ. ಆಮೇಲೆ ಘೋಷಣೆಯ ದಿನ ಬಂತು. ನಾನು ನಿರುದ್ಯೋಗಿ ಅಂತ ಒತ್ತಬೇಕು. ಒತ್ತಲಾಗಲಿಲ್ಲ. ಸುಳ್ಳು ಹೇಳಿದರೆ ಕ್ರಮ ಕೈಗೊಳ್ಳುತ್ತಾರೆ ಅನ್ನುವ ಹೆದರಿಕೆ ಒಂದು ಕಡೆ, ಅದಕ್ಕಿಂತ ಹೆಚ್ಚಾಗಿ ಸಂಜೆ ಹೊತ್ತು ಬೇರೆಯವರ ಕಿಲೋ ಗ್ರಾಂ ತಪ್ಪದ ಹಾಗೆ ಬರೆಯುವವಳು ಇಲ್ಲಿ ಸುಳ್ಳು ಬರೆಯುವುದು ಹೇಗೆ? ಹಾಗಾದರೆ ಮೂರು ತಿಂಗಳ ಕೆಲಸ ಅಂತ ಹೇಳೋಣ ಅಂದರೆ ಫಾರ್ಮಿನಲ್ಲಿ ಅದಕ್ಕೆ ಜಾಗವೇ ಕಾಣಲಿಲ್ಲ. ಕೆಲಸ ಇದೆ, ಇಲ್ಲ, ಅಷ್ಟೇ. ಕೆಲಸ ಸಿಕ್ಕಿದರೆ ಹಣ ನಿಲ್ಲುತ್ತದೆ. ಅದು ನ್ಯಾಯವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಸಂಬಳ ತೆಗೆದುಕೊಳ್ಳುವ ತಿಂಗಳಲ್ಲಿ ಸರ್ಕಾರದ ಹಣ ನನಗೆ ಬೇಡ. ಆದರೆ ಏಪ್ರಿಲ್‌ನಲ್ಲಿ ಮತ್ತೆ ಕೈ ಖಾಲಿಯಾದರೆ ಏನು? ಮೂರು ಜನರನ್ನು ಕೇಳಿದೆ, ಮೂರು ಉತ್ತರ ಬಂತು. ಒಬ್ಬರು "ಸುಮ್ನೆ ಒತ್ತು, ತೋಟದ ಕೆಲಸ ಯಾರು ನೋಡ್ತಾರೆ" ಅಂದರು. ಆ ಮಾತೇ ನನಗೆ ಹೆಚ್ಚು ನೋವು ಕೊಟ್ಟಿದ್ದು. ತೋಟದ ಕೆಲಸ ಕೆಲಸವೇ ಅಲ್ಲ ಅಂದ ಹಾಗಾಯಿತು.

ನಾನು ಘೋಷಣೆ ಹಾಕುವುದನ್ನು ನಿಲ್ಲಿಸಿದೆ. ಅಲ್ಲಿಗೆ ಎಂಟು ಕಂತು, 24,000 ರೂಪಾಯಿ ಬಂದಿತ್ತು. ಎರಡು ವರ್ಷ ಪೂರ್ತಿ ತೆಗೆದುಕೊಂಡಿದ್ದರೆ 72,000 ಆಗುತ್ತಿತ್ತು. ನನ್ನ ಜೊತೆಯವಳೊಬ್ಬಳಿಗೆ ಹೋಂಸ್ಟೇಯಲ್ಲಿ ಎರಡು ತಿಂಗಳ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಅವಳು ಯುವನಿಧಿ ಹೋದರೆ ಮತ್ತೆ ಸಿಗಲ್ಲ ಅಂತ ಹೆದರಿ ಆ ಕೆಲಸ ಬಿಟ್ಟಳು. ಅವಳನ್ನು ನಾನು ತಪ್ಪು ಅನ್ನಲ್ಲ. ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲ, ಎರಡು ತಿಂಗಳ ಸಂಬಳಕ್ಕಿಂತ ಉಳಿದ ಒಂದೂವರೆ ವರ್ಷದ 3,000 ಅವಳಿಗೆ ದೊಡ್ಡದು. ಆದರೆ ಕೆಲಸಕ್ಕೆ ದಾರಿ ಮಾಡಿಕೊಡಬೇಕಾದ ಹಣ ಕೈಗೆ ಬಂದ ಕೆಲಸವನ್ನು ಬಿಡಿಸಿತಲ್ಲ, ಇದನ್ನು ಯಾರಾದರೂ ನೋಡಬೇಕು.

ಕೊಡಗಿನಲ್ಲಿ ಕೆಲಸ ಅನ್ನುವುದು ಹೀಗೇ ಇರುತ್ತದೆ. ಕಾಫಿ ಕುಯ್ಲು ಮೂರು ನಾಲ್ಕು ತಿಂಗಳು. ಕರಿಮೆಣಸು ಅದರ ಹಿಂದೆಯೇ. ಕುಶಾಲನಗರದ ಕೂಡ್ಲೂರಿನಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಗೂ ಹಣ್ಣು ಬರುವ ಕಾಲದ ಮೇಲೇ ಭರಾಟೆ. ಪ್ರವಾಸಿಗರು ಬರುವುದು ರಜೆಯಲ್ಲಿ, ಮಳೆ ಜೋರಾದರೆ ಅದೂ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಎಷ್ಟು ಹೋಂಸ್ಟೇಗಳು ಖಾಲಿ ಬಿದ್ದಿದ್ದವು ಅಂತ ನಾವು ಕಣ್ಣಾರೆ ನೋಡಿದ್ದೇವೆ. ಹಾಗಾಗಿ ಸೀಸನ್ ಕೆಲಸ ಮಾಡುವವರಿಗೆ ತಿಂಗಳು ಬಿಟ್ಟು ಮತ್ತೆ ಸೇರುವ ಅವಕಾಶ ಇರಲಿ, ಅದು ಫಾರ್ಮಿನ ಮೇಲೆಯೇ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿರಲಿ. ನಾನು ಕೇಳುವುದು ಇಷ್ಟೇ. ಕೆಲಸ ಮಾಡಿದ ತಿಂಗಳ ಹಣ ಕೊಡಬೇಡಿ.

ಡಿಪ್ಲೊಮಾದವರ 1,500ರ ಬಗ್ಗೆಯೂ ಹೇಳಬೇಕು. ನನ್ನ ಚಿಕ್ಕಮ್ಮನ ಮಗ ಡಿಪ್ಲೊಮಾ ಮುಗಿಸಿದ್ದಾನೆ. ಅವನೂ ಮೂರು ವರ್ಷ ಓದಿದ್ದು. ಅವನಿಗೆ ಬಸ್ಸಿನವರು ಅರ್ಧ ಟಿಕೆಟ್ ಕೊಡಲ್ಲ, ಶಕ್ತಿ ಯೋಜನೆಯೂ ಇಲ್ಲ. ಮೈಸೂರಿಗೆ ಎರಡು ಸಲ ಹೋಗಿ ಬಂದು ಊಟ ಮಾಡಿದರೆ ಅದರಲ್ಲಿ ಎಷ್ಟು ಉಳಿಯುತ್ತದೆ?

ಉದ್ಯೋಗ ಮೇಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2024ರ ಫೆಬ್ರವರಿ 26, 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ದೊಡ್ಡ ಮೇಳ ನಡೆಯಿತು. ನಮ್ಮ ಊರಿಂದ ಹೋಗುವುದು ಅಂದರೆ ರಾತ್ರಿ ಪ್ರಯಾಣ, ಎರಡು ದಿನ ಎಲ್ಲಾದರೂ ಉಳಿಯಬೇಕು. ನಾನು ಹೋಗಲಿಲ್ಲ. ಅಂಥದ್ದು ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಆಗಾಗ ಚಿಕ್ಕದಾಗಿ ಆದರೂ ಸಾಕು.

ಅರ್ಜಿ ಹಾಕುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, ಫಲಿತಾಂಶ ಬಂದ ವಾರವೇ ಅಂಕಪಟ್ಟಿ ನ್ಯಾಡ್‌ಗೆ ಏರಿದೆಯಾ ನೋಡಿ, 180 ದಿನ ಕಾಯಬೇಡಿ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಮೊದಲೇ ತಿಳಿದುಕೊಳ್ಳಿ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗ ಬಳಸುವ ನಂಬರೇ ಆಗಿರಲಿ. ಮಳೆಗಾಲದಲ್ಲಿ ಘೋಷಣೆಯನ್ನು ಕೊನೆಯ ದಿನಕ್ಕೆ ಇಡಬೇಡಿ. ಮೂಲ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ, ನಮ್ಮ ಕಡೆಯ ಥಂಡಿಗೆ ಕಾಗದ ಬೇಗ ಬೂಸ್ಟು ಹಿಡಿಯುತ್ತದೆ.

ತೋಟದ ಸೀಸನ್ ಮುಗಿದ ಮೇಲೆ ನನಗೆ ಕುಶಾಲನಗರದ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಟ್ಯಾಲಿ ಬರುತ್ತಾ ಅಂತ ಕೇಳಿದರು, ಬರುತ್ತೆ ಅಂದೆ. ತೋಟದಲ್ಲಿ ಬಟವಾಡೆ ಲೆಕ್ಕ ಹಾಕಿದ್ದೇನೆ ಅಂತಲೂ ಹೇಳಿದೆ. ಎರಡೂ ಉಪಯೋಗಕ್ಕೆ ಬಂತು.

ಈಗ ಮತ್ತೆ ಹಣ್ಣು ಕುಯ್ಯುವ ಕಾಲ. ಅದೇ ತೋಟದಲ್ಲಿ ತೂಕ ಬರೆಯಲು ಈ ಸಲ ಪಕ್ಕದ ಮನೆಯ ಹುಡುಗಿಯನ್ನು ಕೇಳಿದ್ದಾರೆ. ಅವಳು 2024ರಲ್ಲಿ ಡಿಗ್ರಿ ಮುಗಿಸಿದವಳು, ಯುವನಿಧಿ ಬರುತ್ತಿದೆ. ನಿನ್ನೆ ರಾತ್ರಿ ಫೋನ್ ಮಾಡಿ, "ಅಕ್ಕಾ, ಹೋಗಲಾ ಬೇಡ್ವಾ?" ಅಂತ ಕೇಳಿದಳು. ಕೆಲಸಕ್ಕೆ ಹೂಂ ಅನ್ನು ಅಂದೆ. ಸೋಮವಾರ ನಾನು ರಜೆ ಹಾಕಿ ಅವಳ ಜೊತೆ ಮಡಿಕೇರಿಯ ಉದ್ಯೋಗ ವಿನಿಮಯ ಕಚೇರಿಗೆ ಹೋಗುತ್ತೇನೆ. ಮೂರು ತಿಂಗಳ ಕೆಲಸ ಮುಗಿದ ಮೇಲೆ ಮತ್ತೆ ಸೇರಬಹುದಾ ಅಂತ ಬರವಣಿಗೆಯಲ್ಲೇ ಕೇಳುತ್ತೇವೆ. ಅರ್ಜಿ ಬರೆದಿಟ್ಟಿದ್ದೇನೆ.