ಮೈಸೂರಿನ ಬೆಳಗಿಗೆ ಒಗ್ಗಿಕೊಂಡ ಬೇಸ್‌ಬಾಲ್: ಎಂಎಲ್‌ಬಿ ಟಿವಿಗೆ ಚಂದಾ ಕಟ್ಟಬಹುದೇ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯಗಳನ್ನು ನೇರವಾಗಿ ತೋರಿಸುವ ಎಂಎಲ್‌ಬಿ ಟಿವಿಗೆ ಮೈಸೂರಿನಲ್ಲಿ ಕುಳಿತು ಚಂದಾ ಕಟ್ಟಬಹುದೇ ಎಂದು ಯಾರಾದರೂ 2022ರಲ್ಲಿ ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಈಗ ಕೇಳಿದರೆ ಅವಶ್ಯವಾಗಿ ಕಟ್ಟಿ ಎನ್ನುತ್ತೇನೆ. ಈ ನಡುವೆ ಮುಖ್ಯವಾಗಿ ಬದಲಾದದ್ದು ಪ್ರಸಾರ ಸೇವೆಯಲ್ಲ, ಆಟ. 2021ರಲ್ಲಿ ಒಂಬತ್ತು ಇನ್ನಿಂಗ್ಸ್‌ಗಳ ಒಂದು ಪಂದ್ಯಕ್ಕೆ ಸರಾಸರಿ 3 ಗಂಟೆ 10 ನಿಮಿಷ ಹಿಡಿಯುತ್ತಿತ್ತು. 2024ರಲ್ಲಿ ಅದು 2 ಗಂಟೆ 36 ನಿಮಿಷಕ್ಕೆ ಇಳಿಯಿತು. ಆ ಅರ್ಧ ಗಂಟೆಯ ಬೆಲೆ ಅಮೆರಿಕದವರಿಗಿಂತ ನಮಗೇ ಹೆಚ್ಚು ಗೊತ್ತಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮಗೆ ಬೆಳಗಿನ ಜಾವ ನಾಲ್ಕೂವರೆಯ ಪಂದ್ಯ. ಹಾಲಿನವನು ಬರುವ ವೇಳೆಗೆ ಆರನೇ ಇನ್ನಿಂಗ್ಸ್ ನಡೆಯುತ್ತಿರುತ್ತದೆ, ಏಳೂಕಾಲರ ಸುಮಾರಿಗೆ ಫಲಿತಾಂಶ ಗೊತ್ತಾಗಿ, ಮಕ್ಕಳನ್ನು ಶಾಲೆಗೆ ಹೊರಡಿಸುವ ಕೆಲಸಕ್ಕೆ ಏಳಬಹುದು. ಮೊದಲು ಎಂಟನೇ ಇನ್ನಿಂಗ್ಸ್‌ನ ಬಿಸಿಯಲ್ಲೇ ಟಿವಿ ಆರಿಸಿ ಹೊರಡಬೇಕಾಗುತ್ತಿತ್ತು.

ಈ ಬದಲಾವಣೆಗೆ ಮುಖ್ಯ ಕಾರಣ 2023ರಲ್ಲಿ ಜಾರಿಗೆ ಬಂದ ಪಿಚ್ ಕ್ಲಾಕ್, ಅಂದರೆ ಎಸೆತಗಳ ನಡುವಿನ ಸಮಯಕ್ಕೆ ಮಿತಿ ಹಾಕುವ ಗಡಿಯಾರ. ಓಟಗಾರರು ಒಂದೊಂದಾಗಿ ತಲುಪಬೇಕಾದ ಬೇಸ್‌ಗಳ ಮೇಲೆ ಯಾರೂ ಇಲ್ಲದಿದ್ದಾಗ, ಚೆಂಡೆಸೆಯುವವನಾದ ಪಿಚ್ಚರ್ 15 ಸೆಕೆಂಡಿನೊಳಗೆ ಚೆಂಡೆಸೆಯಲು ತೊಡಗಬೇಕು. ಓಟಗಾರರಿದ್ದಾಗ ಮೊದಲ ವರ್ಷ 20 ಸೆಕೆಂಡು ಕೊಟ್ಟಿದ್ದರು, 2024ರಿಂದ ಅದನ್ನು 18ಕ್ಕೆ ಇಳಿಸಿದರು. ಗಡಿಯಾರದಲ್ಲಿ 8 ಸೆಕೆಂಡು ಉಳಿದಿರುವಾಗಲೇ ಬ್ಯಾಟರ್ ಸಿದ್ಧನಾಗಿ ಪಿಚ್ಚರ್‌ನತ್ತ ನೋಡುತ್ತಿರಬೇಕು. ಪಿಚ್ಚರ್ ತಡಮಾಡಿದರೆ ಬ್ಯಾಟರ್ ಲೆಕ್ಕಕ್ಕೆ ಒಂದು ಬಾಲ್ (ನಾಲ್ಕಾದರೆ ಮೊದಲ ಬೇಸ್ ಉಚಿತ) ಸೇರುತ್ತದೆ, ಬ್ಯಾಟರ್ ತಡಮಾಡಿದರೆ ಅವನ ಮೇಲೆ ಒಂದು ಸ್ಟ್ರೈಕ್ (ಮೂರಾದರೆ ಔಟ್) ಬೀಳುತ್ತದೆ. ಹಳೆಯ ಪಂದ್ಯವೊಂದನ್ನು ಸಂಗ್ರಹದಿಂದ ತೆರೆದು ನೋಡಿದರೆ ಈ ನಿಯಮ ಏಕೆ ಬೇಕಾಯಿತೆಂಬುದು ಕಣ್ಣಿಗೇ ಕಾಣುತ್ತದೆ. ಬ್ಯಾಟ್ ಬೀಸಿಯೇ ಇರದ ಆಟಗಾರ ಕೂಡ ತಾನು ನಿಲ್ಲುವ ಚೌಕದಿಂದ ಹೊರಗೆ ಬರುತ್ತಾನೆ, ಎಡಗೈ ಗ್ಲೌಸಿನ ಪಟ್ಟಿ ಬಿಚ್ಚಿ ಬಿಗಿಯುತ್ತಾನೆ, ಬಲಗೈಯದನ್ನೂ ಬಿಚ್ಚಿ ಬಿಗಿಯುತ್ತಾನೆ, ಹೆಲ್ಮೆಟ್ ಮುಟ್ಟುತ್ತಾನೆ, ಮಣ್ಣನ್ನು ಕಾಲಿನಿಂದ ಕೆದಕಿ ಮತ್ತೆ ಒಳಗೆ ಬರುತ್ತಾನೆ. ಅಷ್ಟರಲ್ಲಿ ಪಿಚ್ಚರ್ ದಿಬ್ಬದಿಂದ ಇಳಿದು ಹಿಂದೆ ಅಡ್ಡಾಡುತ್ತಿರುತ್ತಾನೆ. ನಮ್ಮ ಮಾವನವರು ಗಂಗೋತ್ರಿ ಮೈದಾನದಲ್ಲಿ ರಣಜಿ ಪಂದ್ಯಗಳನ್ನು ದಿನವಿಡೀ ಕುಳಿತು ನೋಡಿದವರು, ತಾಳ್ಮೆಗೆ ಅವರಲ್ಲಿ ಕೊರತೆಯಿಲ್ಲ. ಅಂಥವರೂ ಹಳೆಯ ಪಂದ್ಯವೊಂದನ್ನು ನೋಡುತ್ತಾ, "ಆ ಹುಡುಗ ಚೆಂಡು ಯಾವಾಗ ಹಾಕ್ತಾನಪ್ಪಾ?" ಎಂದು ಕೇಳಿದ್ದರು. ಈಗಿನ ಪಂದ್ಯಗಳನ್ನು ನೋಡುವಾಗ ಅವರು ಆ ಪ್ರಶ್ನೆ ಕೇಳುವುದಿಲ್ಲ.

ನಿಯಮದ ಕಾಠಿಣ್ಯ ಅದು ಜಾರಿಯಾದ ವಾರದಲ್ಲೇ ಗೊತ್ತಾಗಿತ್ತು. 2023ರ ಫೆಬ್ರುವರಿ 25ರಂದು ಅಟ್ಲಾಂಟಾ ಮತ್ತು ಬಾಸ್ಟನ್ ನಡುವಿನ ಅಭ್ಯಾಸ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ಅಂಕ 6–6ರಲ್ಲಿ ಸಮನಾಗಿತ್ತು, ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದರು, ಮೂರು ಬಾಲ್ ಎರಡು ಸ್ಟ್ರೈಕ್ ಆಗಿದ್ದವು. ಆಗ ಅಟ್ಲಾಂಟಾದ ಬ್ಯಾಟರ್ ಸಕಾಲಕ್ಕೆ ಸಿದ್ಧನಾಗಲಿಲ್ಲವೆಂದು ಅಂಪೈರ್ ಮೂರನೇ ಸ್ಟ್ರೈಕ್ ಕೊಟ್ಟರು. ಚೆಂಡು ಎಸೆಯುವ ಮೊದಲೇ ಪಂದ್ಯ ಸಮಬಲದಲ್ಲಿ ಮುಗಿದುಹೋಯಿತು. ಇದನ್ನು ಹಿಡಿದು ಆಟ ಹಾಳಾಯಿತೆಂದು ದೂರಿದವರು ಬಹಳ. ಆದರೆ ಆಟಗಾರರು ಬೇಗನೆ ಹೊಂದಿಕೊಂಡರು; ಇಂದು ಒಂದು ಇಡೀ ಪಂದ್ಯದಲ್ಲಿ ಇಂಥ ದಂಡ ಒಮ್ಮೆಯೂ ಬೀಳದಿರುವುದೇ ಸಾಮಾನ್ಯ.

ಗಡಿಯಾರಕ್ಕಿಂತಲೂ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅದರ ಜೊತೆಗೆ ಬಂದ ಇನ್ನೆರಡು ನಿಯಮಗಳು. ಬೇಸ್‌ನ ಅಗಲ 15 ಇಂಚಿನಿಂದ 18 ಇಂಚಿಗೆ ಏರಿತು. ಓಟಗಾರನನ್ನು ಹೆದರಿಸಲು ಪಿಚ್ಚರ್ ಬೇಸ್‌ನತ್ತ ಚೆಂಡೆಸೆಯುವುದಕ್ಕೆ ಪ್ರತಿ ಬ್ಯಾಟರ್‌ಗೆ ಎರಡೇ ಅವಕಾಶ ಎಂದಾಯಿತು, ಮೂರನೆಯ ಸಲ ಎಸೆದು ಔಟ್ ಮಾಡಲಾಗದಿದ್ದರೆ ಓಟಗಾರ ಮುಂದಿನ ಬೇಸ್‌ಗೆ ನಡೆದುಹೋಗುತ್ತಾನೆ. ಇದರಿಂದಾಗಿ 2022ರಲ್ಲಿ 2,486 ಇದ್ದ ಬೇಸ್ ಕಳವು (ಪಿಚ್ಚರ್ ಎಸೆಯುವ ಹೊತ್ತಿಗೆ ಓಟಗಾರ ಮುಂದಿನ ಬೇಸ್‌ಗೆ ಓಡಿ ಸೇರುವುದು) 2023ರಲ್ಲಿ 3,503ಕ್ಕೆ ಜಿಗಿಯಿತು. ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಜೂನಿಯರ್ ಆ ಒಂದೇ ವರ್ಷದಲ್ಲಿ 41 ಹೋಮ್‌ರನ್ ಹೊಡೆದು 73 ಬೇಸ್ ಕದ್ದರು. ಕ್ರಿಕೆಟ್‌ನಲ್ಲಿ ಕದ್ದ ಒಂಟಿ ರನ್ನಿಗೆ ಚಪ್ಪಾಳೆ ತಟ್ಟುವ ನಮ್ಮೂರಿನ ಪ್ರೇಕ್ಷಕನಿಗೆ ಬೇಸ್‌ಬಾಲ್ ಅರ್ಥವಾಗತೊಡಗುವುದು ಈ ಓಟದಿಂದಲೇ ಎಂದು ನನ್ನ ನಂಬಿಕೆ. ಹೊಸಬರಿಗೆ ಆಟ ಪರಿಚಯಿಸುವಾಗ ನಾನು ಹೋಮ್‌ರನ್ ತೋರಿಸುವುದಿಲ್ಲ, ಮೊದಲ ಬೇಸ್‌ನಲ್ಲಿ ಬಗ್ಗಿ ನಿಂತು ಹೆಜ್ಜೆ ಹೆಜ್ಜೆಯಾಗಿ ದೂರ ಸರಿಯುವ ಓಟಗಾರನನ್ನು ತೋರಿಸುತ್ತೇನೆ. ಸಮಯಕ್ಕೆ ಮಿತಿ ಹಾಕುವುದರಲ್ಲಿ ಕ್ರಿಕೆಟ್ ಕೂಡ ಇದೇ ದಾರಿ ಹಿಡಿದಿದೆ: ಎರಡು ಓವರ್‌ಗಳ ನಡುವೆ 60 ಸೆಕೆಂಡಿನ ಮಿತಿಯನ್ನು ಐಸಿಸಿ 2024ರಲ್ಲಿ ಏಕದಿನ ಮತ್ತು ಟಿ20 ಪಂದ್ಯಗಳಿಗೆ ಖಾಯಂ ಮಾಡಿತು.

ಆದರೂ ಉಳಿತಾಯವಾದ ಸಮಯ ಯಾರ ಪಾಲಿನಿಂದ ಬಂತು ಎಂಬುದನ್ನು ಗಮನಿಸಬೇಕು. ಒಂದು ತಂಡದ ಬ್ಯಾಟಿಂಗ್ ಸರದಿ ಮುಗಿದು ಇನ್ನೊಂದರದು ಶುರುವಾಗುವ ನಡುವಿನ ವಿರಾಮ ಈಗಲೂ ಎರಡು ನಿಮಿಷಕ್ಕಿಂತ ಹೆಚ್ಚು, ಅಂಥ ವಿರಾಮಗಳು ಒಂದು ಪಂದ್ಯದಲ್ಲಿ ಹದಿನಾರು ಹದಿನೇಳು. ಅದು ಜಾಹೀರಾತಿನ ಸಮಯವಾದ್ದರಿಂದ ಅದನ್ನು ಯಾರೂ ಮುಟ್ಟಲಿಲ್ಲ. ಅವಸರ ಮಾಡಬೇಕಾದವರು ಆಟಗಾರರು ಮಾತ್ರ. ಎರಡು ಎಸೆತಗಳ ನಡುವಿನ ವಿಶ್ರಾಂತಿ ಕಡಿಮೆಯಾಗಿ ಪಿಚ್ಚರ್‌ಗಳ ಮೊಣಕೈಗೆ ಅಪಾಯ ಹೆಚ್ಚಿದೆ ಎಂದು ಆಟಗಾರರ ಸಂಘ 2024ರಲ್ಲಿ ಹೇಳಿತು. ಲೀಗ್ ಅದನ್ನು ಒಪ್ಪದೆ, ಪ್ರತಿ ಚೆಂಡನ್ನೂ ಗರಿಷ್ಠ ವೇಗದಲ್ಲಿ ಎಸೆಯುವ ಈಚಿನ ರೂಢಿಯೇ ಕಾರಣ ಎಂದಿತು. ಈ ವಾದ ಇನ್ನೂ ತೀರ್ಮಾನವಾಗಿಲ್ಲ. ನನ್ನ ಮಾತು ಇಷ್ಟೇ: ಎಳೆಯ ತೋಳುಗಳು ಸವೆಯುವುದು ಖಂಡಿತವಾದ್ದರಿಂದ ಆ ತೋಳುಗಳಿಗೆ ಹಣವೂ ಎಳೆಯ ವಯಸ್ಸಿನಲ್ಲೇ ಸಿಗಬೇಕು.

ಅದು ಸಿಗುತ್ತಿಲ್ಲ. ಶೊಹೆ ಒಟಾನಿ 10 ವರ್ಷಕ್ಕೆ 70 ಕೋಟಿ ಡಾಲರ್, ಹ್ವಾನ್ ಸೊಟೊ 15 ವರ್ಷಕ್ಕೆ 76.5 ಕೋಟಿ ಡಾಲರ್ ಎಂದು ಪತ್ರಿಕೆಗಳಲ್ಲಿ ಓದಿದವರಿಗೆ ಆಟಗಾರರೆಲ್ಲ ಕುಬೇರರೆಂದು ತೋರುವುದು ಸಹಜ. ಒಟಾನಿಯ ಹಣದಲ್ಲಿ 68 ಕೋಟಿ ಡಾಲರ್ ಅವರ ಕೈಸೇರುವುದು 2034ರಿಂದ. ಇನ್ನೊಂದು ತುದಿಯಲ್ಲಿ, ಹೊಸ ಆಟಗಾರನೊಬ್ಬ ಸಾಮಾನ್ಯವಾಗಿ ಮೊದಲ ಮೂರು ವರ್ಷ ತಂಡ ಹೇಳಿದ ಸಂಬಳಕ್ಕೇ ಆಡಬೇಕು, ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆಯ ಮೂಲಕ ಹೆಚ್ಚಿಗೆ ಕೇಳಬಹುದು, ಆರು ವರ್ಷ ಪೂರೈಸಿದ ಮೇಲಷ್ಟೇ ಬೇಕಾದ ತಂಡಕ್ಕೆ ಹೋಗಬಹುದು. ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ 2025ರಲ್ಲಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚ್ಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಒಂದು ಮತವೂ ಬೇರೆಡೆ ಹೋಗದಂತೆ ಗೆದ್ದರು. ಆ ವರ್ಷ ಅವರ ಸಂಬಳ 8,75,000 ಡಾಲರ್, ಕನಿಷ್ಠ ಸಂಬಳವಾದ 7,60,000 ಡಾಲರಿಗಿಂತ ತುಸು ಮೇಲೆ. ಇಂಥವರಿಗಾಗಿ ಬೋನಸ್ ನಿಧಿಯೊಂದು 2022ರಿಂದ ಇದೆಯಾದರೂ ಅದರ ಒಟ್ಟು ಮೊತ್ತ ಇಡೀ ಲೀಗಿಗೆ ವರ್ಷಕ್ಕೆ 5 ಕೋಟಿ ಡಾಲರ್. ಕೆಳಗಿನ ಹಂತದ ಮೈನರ್ ಲೀಗ್‌ಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎ ಹಂತದ ಕನಿಷ್ಠ ಸಂಬಳ 2023ರ ಒಪ್ಪಂದದಲ್ಲಿ ವರ್ಷಕ್ಕೆ 17,500ರಿಂದ 35,800 ಡಾಲರಿಗೆ ಏರಿತು. ಏರಿದ ಮೇಲೂ ಅಮೆರಿಕದ ಬಾಡಿಗೆಗೆ ಅದು ಹೆಚ್ಚಿನ ಹಣವಲ್ಲ. 2008ರಲ್ಲಿ ಇದೇ ಪಿಟ್ಸ್‌ಬರ್ಗ್ ತಂಡ ನಮ್ಮ ದೇಶದ ರಿಂಕು ಸಿಂಗ್ (ಈಗಿನ ಕ್ರಿಕೆಟಿಗನಲ್ಲ) ಮತ್ತು ದಿನೇಶ್ ಪಟೇಲ್ ಅವರನ್ನು ಸೇರಿಸಿಕೊಂಡಿತ್ತು. ಅವರು ಆಡಿದ್ದೂ ಇಂಥ ಕೆಳಗಿನ ಲೀಗ್‌ಗಳಲ್ಲೇ.

ಸೇವೆಯ ವಿಷಯಕ್ಕೆ ಬಂದರೆ, ಮೂವತ್ತು ತಂಡಗಳು ತಲಾ 162 ಪಂದ್ಯ ಆಡುವುದರಿಂದ ಋತುವಿನಲ್ಲಿ ನೋಡಲು ಪಂದ್ಯವಿಲ್ಲದ ದಿನಗಳು ತೀರಾ ಅಪರೂಪ. ಪೂರ್ತಿ ಪಂದ್ಯ ನೋಡಲಾಗದವರಿಗೆ ಸಂಕ್ಷಿಪ್ತ ರೂಪ ಸಿಗುತ್ತದೆ. ಎರಡೂ ತಂಡಗಳ ವೀಕ್ಷಕ ವಿವರಣೆಯಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಬಹುದು, ಆದರೆ ಕನ್ನಡದ ವಿವರಣೆ ಇಲ್ಲದಿರುವುದು ಮನೆಯ ಹಿರಿಯರ ಜೊತೆ ನೋಡುವಾಗ ನಿಜವಾದ ಕೊರತೆ. ಹೊಸದಾಗಿ ನೋಡುವವರು ಲಾಸ್ ಏಂಜಲಿಸ್‌ನ ಪಂದ್ಯಗಳಿಂದ ಶುರುಮಾಡುವುದು ಒಳ್ಳೆಯದು. ಅಲ್ಲಿನ ಸಂಜೆ ಏಳು ನಮ್ಮ ಬೆಳಗಿನ ಏಳೂವರೆ. ಭಾನುವಾರ ನಮ್ಮಲ್ಲಿ ಬೆಳಗಾದಾಗ ಅಲ್ಲಿ ಶನಿವಾರದ ರಾತ್ರಿಯ ಆಟ ನಡೆಯುತ್ತಿರುತ್ತದೆ, ತಿಂಡಿ ತಿನ್ನುತ್ತಾ ಮನೆಮಂದಿಯೆಲ್ಲ ನೋಡಬಹುದು. 2026ರ ಋತುವಿನಿಂದ ಬಾಲ್ ಮತ್ತು ಸ್ಟ್ರೈಕ್ ತೀರ್ಪನ್ನು ಬ್ಯಾಟರ್, ಪಿಚ್ಚರ್ ಅಥವಾ ಕ್ಯಾಚರ್ ಪ್ರಶ್ನಿಸಬಹುದಾದ ನಿಯಮವೂ ಬಂದಿದೆ. ಪ್ರತಿ ತಂಡಕ್ಕೆ ಎರಡು ಅವಕಾಶ, ವಾದ ಸರಿಯಾದರೆ ಅವಕಾಶ ಉಳಿಯುತ್ತದೆ. ಡಿಆರ್‌ಎಸ್ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ.

2027ರ ಋತುವಿಗೆ ಮಾತ್ರ ಮುಂಗಡವಾಗಿ ಇಡೀ ವರ್ಷದ ಚಂದಾ ಕಟ್ಟಲು ಅವಸರ ಮಾಡಬೇಡಿ. ಮಾಲೀಕರಿಗೂ ಆಟಗಾರರ ಸಂಘಕ್ಕೂ ಇರುವ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನ ಒಪ್ಪಂದ ಮುಗಿದಾಗ ಮಾಲೀಕರು 99 ದಿನ ಬೀಗಮುದ್ರೆ ಹಾಕಿದ್ದರು, 2022ರ ಋತು ಒಂದು ವಾರ ತಡವಾಗಿ ಏಪ್ರಿಲ್ 7ಕ್ಕೆ ಆರಂಭವಾಯಿತು. ಹೊಸ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಹಣ ಕಟ್ಟಿ, ಮತ್ತು ಅದರಲ್ಲಿ ಮೊದಲ ಮೂರು ವರ್ಷದ ಸಂಬಳ ಎಷ್ಟಾಯಿತೆಂದು ನೋಡಿ.