ತಗಡಿನ ಶೆಡ್ಡಿನಲ್ಲಿ ಮೂರು ವರ್ಷ: ನಮ್ಮ ಆಫೀಸ್ ವೈಫೈ ಕಥೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಮಷಿನ್ ಶಾಪ್. ಮುಂದೆ ಎರಡು ಅಂತಸ್ತಿನ ಆಫೀಸು, ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ತುಂಬ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷಿನ್‌ಗಳು, ಮೂಲೆಯಲ್ಲಿ ಸ್ಟೋರು. ನನ್ನ ಕೆಲಸ ಅಕೌಂಟ್ಸ್. ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತು ಎಂದು ಬಾಯಿಬಿಟ್ಟ ತಪ್ಪಿಗೆ ವೈಫೈ ಕೂಡ ನನ್ನ ಕೊರಳಿಗೆ ಬಿತ್ತು.

2022ರ ಬೇಸಿಗೆಯಲ್ಲಿ ದೊಡ್ಡ ಆಫೀಸುಗಳಲ್ಲಿ ಹಾಕಿಸುವಂಥ ವೈಫೈ 6 ಸೆಟ್ ಕೊಂಡೆವು. ವೈಫೈ ಸಿಗ್ನಲ್ ಬಿಡುವ ಏಳು ಡಬ್ಬಿ; ಅವಕ್ಕೆ ಆಕ್ಸೆಸ್ ಪಾಯಿಂಟ್, ಚಿಕ್ಕದಾಗಿ ಎಪಿ ಎನ್ನುತ್ತಾರೆ. ಅವಕ್ಕೆ ಕರೆಂಟನ್ನೂ ಡೇಟಾವನ್ನೂ ಒಂದೇ ಕೇಬಲ್ಲಿನಲ್ಲಿ ಕೊಡುವ ಒಂದು ಪಿಒಇ ಸ್ವಿಚ್. ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡಿಕೊಳ್ಳಲು ಇಂಟರ್ನೆಟ್ ಮೂಲಕ ನಡೆಯುವ ಕ್ಲೌಡ್ ಕಂಟ್ರೋಲರ್. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನಾನು ಪಟ್ಟ ಪಾಡಿನಲ್ಲಿ ಮುಕ್ಕಾಲು ಪಾಲು ಯಾವ ಬ್ರ್ಯಾಂಡ್ ತಂದಿದ್ದರೂ ಪಡಲೇಬೇಕಿತ್ತು.

ಅದಕ್ಕೆ ಮೊದಲು ಮನೆಗೆ ಹಾಕುವ ಮೂರು ರೌಟರ್ ಇದ್ದವು. ಮೂರಕ್ಕೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಮಾತ್ರ ಒಂದೇ. ಅದನ್ನು ಯಾರೋ ಪುಣ್ಯಾತ್ಮರು ಕ್ವಾಲಿಟಿ ರೂಮಿನ ಬೋರ್ಡಿನ ಮೇಲೆ ಬರೆದಿಟ್ಟಿದ್ದರು. ಕೆಲಸ ಬಿಟ್ಟು ಹೋದವರು, ಗೇಟಿನಲ್ಲಿ ಲೋಡಿಗೆ ಕಾಯುವ ಲಾರಿ ಡ್ರೈವರ್‌ಗಳು, ಎಲ್ಲರೂ ನಮ್ಮ ಲೆಕ್ಕಪತ್ರವೆಲ್ಲ ಇರುವ ಟ್ಯಾಲಿ ಸರ್ವರ್‌ನ ನೆಟ್‌ವರ್ಕಿನಲ್ಲೇ ಇರುತ್ತಿದ್ದರು. ಈಗ ನೆನೆಸಿಕೊಂಡರೆ ಬೆವರು ಬರುತ್ತದೆ.

ಹೊಸ ಸೆಟ್ ಬಂತು. ಮೊದಲ ತಿಂಗಳು ಹಳೆಯದಕ್ಕಿಂತ ಕೆಟ್ಟದಾಗಿತ್ತು ಎಂದರೆ ನಂಬ್ತೀರಾ? ಸಾಹೇಬರು ಕ್ಯಾಬಿನ್‌ನಲ್ಲಿ ವಿಡಿಯೋ ಕಾಲ್ ಶುರು ಮಾಡಿ, ಗಿರಾಕಿಗೆ ಜಾಬ್ (ತಯಾರಾಗುತ್ತಿರುವ ಬಿಡಿಭಾಗ) ತೋರಿಸಲು ಶೆಡ್ಡಿಗೆ ನಡೆದರೆ ಅರ್ಧ ದಾರಿಯಲ್ಲಿ ಕಟ್. ಸ್ಟೋರಿನ ಕಾಕಾ ದಿನಾ ಒಂದೇ ಮಾತು: "ಲೈಟ್ ಹಸರ ಐತ್ರಿ, ನೆಟ್ ಇಲ್ಲ ನೋಡ್ರಿ." ನಾನು ಎಲ್ಲ ಎಪಿಗಳ ಸಿಗ್ನಲ್ ಪವರ್ ಫುಲ್ ಇಟ್ಟಿದ್ದೆ. ದುಡ್ಡು ಕೊಟ್ಟಿದ್ದೇವೆ, ಜೋರಾಗಿ ಓಡಲಿ ಎಂಬ ಲೆಕ್ಕ.

ತಪ್ಪು ಅಲ್ಲೇ ಇತ್ತು. ಒಂದು ಎಪಿ ಬಿಟ್ಟು ಇನ್ನೊಂದನ್ನು ಯಾವಾಗ ಹಿಡಿಯಬೇಕು ಎಂದು ತೀರ್ಮಾನ ಮಾಡುವುದು ಫೋನು, ಎಪಿ ಅಲ್ಲ. ಕ್ಯಾಬಿನ್ ಎಪಿ ಜೋರಾಗಿ ಕೂಗುತ್ತಿದ್ದರಿಂದ ಶೆಡ್ಡಿಗೆ ಹೋದರೂ ಫೋನಿಗೆ ಅದು ಕೇಳಿಸುತ್ತಿತ್ತು, ಅದನ್ನೇ ಕಚ್ಚಿಕೊಂಡು ಕೂರುತ್ತಿತ್ತು. ಆದರೆ ಫೋನಿನ ದನಿ ಸಣ್ಣದು, ಅಷ್ಟು ದೂರದಿಂದ ಎಪಿಗೆ ಮುಟ್ಟುತ್ತಿರಲಿಲ್ಲ. ಪವರ್ ಇಳಿಸಿದೆ. ನಮ್ಮ ಎಪಿಗಳು ಓಡುವ ಎರಡು ರೇಡಿಯೊ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು: 1, 6, 11. ಏಳು ಎಪಿಗಳು ಅಷ್ಟರಲ್ಲೇ ಗುದ್ದಾಡುವುದು ಬೇಡ ಎಂದು ಮೂರರಲ್ಲಿ ಆ ರೇಡಿಯೊವನ್ನೇ ಬಂದ್ ಮಾಡಿದೆ. 5 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಎಪಿಗಳು ಒಂದೇ ಚಾನೆಲ್ಲಿಗೆ ಬೀಳದಿರಲಿ ಎಂದು ಚಾನೆಲ್ ಅಗಲವನ್ನು 80ರಿಂದ 40 ಮೆಗಾಹರ್ಟ್ಸ್‌ಗೆ ತಂದೆ. ಸ್ಪೀಡ್ ಟೆಸ್ಟ್‌ನಲ್ಲಿ ಅಂಕಿ ಇಳಿಯಿತು, ತಕರಾರು ನಿಂತಿತು.

ಎಪಿ ಬದಲಿಸುವಾಗ ಮತ್ತೆ ಪೂರ್ತಿ ಲಾಗಿನ್ ಆಗದಂತೆ ಮಾಡುವ 802.11ಆರ್ ಎಂಬ ಸೌಲಭ್ಯವೂ ಇದೆ. ಅದನ್ನು ಆನ್ ಮಾಡಿದ ದಿನ ಸ್ಟೋರಿನ ಹಳೆಯ ಬಾರ್‌ಕೋಡ್ ಸ್ಕ್ಯಾನರ್ ಮುನಿಸಿಕೊಂಡಿತು. ಅದೊಂದಕ್ಕೇ ಬೇರೆ ಹೆಸರಿನ ಸಾದಾ ನೆಟ್‌ವರ್ಕ್ ಮಾಡಿಕೊಟ್ಟೆ. ಕಾಕಾನೂ ಖುಷಿ, ಸ್ಕ್ಯಾನರೂ ಖುಷಿ.

ಶೆಡ್ಡಿನದು ಇನ್ನೊಂದು ತಮಾಷೆ. ಮಷಿನ್ ತಂಪು ಮಾಡುವ ಕೂಲಂಟ್ ದ್ರವ ಹಾರಿ ಎಪಿ ಹಾಳಾಗಬಾರದು ಎಂದು ನಮ್ಮ ಎಲೆಕ್ಟ್ರಿಷಿಯನ್ ಅದನ್ನು ಚೆಂದದ ಕಬ್ಬಿಣದ ಪ್ಯಾನೆಲ್ ಬಾಕ್ಸಿನಲ್ಲಿ ಕೂರಿಸಿ ಬಾಗಿಲು ಹಾಕಿದ್ದ. ಸಿಗ್ನಲ್ ಡಬ್ಬಿಯೊಳಗೇ ಉಳಿಯಿತು! ಈಗ ಪ್ಲಾಸ್ಟಿಕ್ ಬಾಕ್ಸ್ ಇದೆ. ಮೊದಲು ಮಾಡನ್ನು ಹೊತ್ತ ಕಬ್ಬಿಣದ ಚೌಕಟ್ಟಿಗೆ ಕಟ್ಟಿದ್ದ ಇನ್ನೆರಡನ್ನು ಕಂಬದ ಮೇಲೆ ಆಳೆತ್ತರದ ಎರಡರಷ್ಟಕ್ಕೆ ಇಳಿಸಿದ್ದೇವೆ. ತಿಂಗಳಿಗೊಮ್ಮೆ ಎಣ್ಣೆ, ಧೂಳು ಒರೆಸಬೇಕು.

ಭದ್ರತೆಯ ವಿಷಯದಲ್ಲಿ ಮಾತ್ರ ಕೊಟ್ಟ ದುಡ್ಡು ಪೂರ್ತಿ ಬಂತು. ಆಫೀಸ್ ಲ್ಯಾಪ್‌ಟಾಪ್‌ಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್. ಹಿಂದೆ ಈ ಲಾಗಿನ್‌ಗಳನ್ನು ಪರೀಕ್ಷಿಸುವ ರೇಡಿಯಸ್ ಸರ್ವರ್ ಇದೆ. ಯಾರಾದರೂ ಕೆಲಸ ಬಿಟ್ಟರೆ ಅವರ ಒಂದು ಹೆಸರು ತೆಗೆದರಾಯಿತು, ಉಳಿದ ಯಾರ ಪಾಸ್‌ವರ್ಡನ್ನೂ ಮುಟ್ಟಬೇಕಿಲ್ಲ. ಫೋನುಗಳನ್ನೂ ಇದಕ್ಕೇ ಸೇರಿಸಲು ಹೋಗಿ ಒಂದು ವಾರ ಕೈಸುಟ್ಟುಕೊಂಡೆ. ಹೊಸ ಆಂಡ್ರಾಯ್ಡ್‌ಗಳು ಸರ್ವರ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್ ಸರಿ ಇಲ್ಲದೆ ಒಳಗೆ ಬರಲು ಒಪ್ಪುವುದಿಲ್ಲ. ಅದು ನ್ಯಾಯವೇ, ಆದರೆ ಪ್ರತಿಯೊಬ್ಬರ ಫೋನ್ ಇಸಿದುಕೊಂಡು ಸರ್ಟಿಫಿಕೇಟ್ ಹಾಕುವವರು ಯಾರು? ಸಾಹೇಬರದು ಮತ್ತು ಇಬ್ಬರು ಮ್ಯಾನೇಜರ್‌ಗಳದು ಬಿಟ್ಟು ಉಳಿದ ಫೋನುಗಳೆಲ್ಲ ಗೆಸ್ಟ್ ನೆಟ್‌ವರ್ಕಿಗೆ ಹೋದವು. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ಟ್ಯಾಲಿ ಕಾಣುವುದಿಲ್ಲ. ಕ್ಯಾಮೆರಾ, ಪ್ರಿಂಟರ್‌ಗಳಿಗೂ ಬೇರೆ ವಿಎಲ್ಯಾನ್, ಅಂದರೆ ಅದೇ ಕೇಬಲ್ಲಿನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್. ಲಾರಿ ಡ್ರೈವರ್‌ಗಳಿಗೆ ಎರಡು ತಾಸು ಮಾತ್ರ ನಡೆಯುವ ವೈಫೈ ಚೀಟಿ ಕೊಡುತ್ತೇವೆ.

ಕರೆಂಟ್ ಹೋದಾಗ ಪಿಒಇ ಬೆಲೆ ಗೊತ್ತಾಗುತ್ತದೆ. ಸ್ವಿಚ್ಚಿಗೂ ಇಂಟರ್ನೆಟ್ ಡಬ್ಬಿಗೂ ಒಂದು ಯುಪಿಎಸ್ ಇಟ್ಟರೆ ಅದರಿಂದ ಕರೆಂಟ್ ಪಡೆಯುವ ಎಪಿಗಳೆಲ್ಲ ಬದುಕಿರುತ್ತವೆ. ಆದರೆ ಗೇಟಿನ ಕ್ಯಾಬಿನ್ನಿಗೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ನಮ್ಮನ್ನು ಕಾಡಿತು. 2023ರ ಮೇ ತಿಂಗಳಲ್ಲಿ ಒಂದು ಸಂಜೆ ಅಡ್ಡಮಳೆ, ಗುಡುಗು ಮಿಂಚು. ಮರುದಿನ ನೋಡಿದರೆ ಗೇಟಿನ ಎಪಿ ಸತ್ತಿದೆ, ಸ್ವಿಚ್ಚಿನ ಎರಡು ಪೋರ್ಟ್ ಕೂಡ. ಸಿಡಿಲಿಗೆ ವಾರಂಟಿ ಇಲ್ಲ ಎಂದರು, ಸರಿ. ಈಗ ಅಲ್ಲಿಗೆ ಫೈಬರ್ ಹೋಗಿದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ. ಗೇಟಿನ ಎಪಿಗೆ ಅಲ್ಲೇ ಸಣ್ಣ ಯುಪಿಎಸ್ ಕೊಟ್ಟಿದ್ದೇವೆ. ನೀವು ಕಟ್ಟಡದಿಂದ ಹೊರಗೆ ಕೇಬಲ್ ಎಳೆಯುವವರಿದ್ದರೆ ಮೊದಲೇ ಫೈಬರ್ ಹಾಕಿಸಿ, ಎಪಿ ಒಂದು ಕಡಿಮೆ ಕೊಂಡರೂ ಪರವಾಗಿಲ್ಲ.

ಬೇಸರ ಎಂದರೆ ಲೈಸೆನ್ಸ್. ಮೊದಲ ವರ್ಷ ಕ್ಲೌಡ್ ಕಂಟ್ರೋಲರ್ ಫ್ರೀ ಎಂದಿದ್ದರು. ಆಮೇಲೆ ಎಪಿಗೊಂದರಂತೆ ವರ್ಷಾವರ್ಷ ಹಣ ಕಟ್ಟಬೇಕು ಎಂಬುದು ಕೊಟೇಶನ್ನಿನ ಕೊನೆಯ ಸಣ್ಣಕ್ಷರದಲ್ಲಿತ್ತು. ಅಕೌಂಟ್ಸ್‌ನವನಾಗಿ ನಾನೇ ಓದದೆ ಸಹಿಗೆ ಕಳಿಸಿದ್ದೆ, ಯಾರನ್ನು ಬೈಯಲಿ? ಕಳೆದ ವರ್ಷ ನವೀಕರಣ ನಾಲ್ಕು ದಿನ ತಡವಾಯಿತು. ವೈಫೈ ನಡೆಯುತ್ತಿತ್ತು, ಆದರೆ ಸೆಟ್ಟಿಂಗ್ ಬದಲಿಸಲು ಬಿಡಲಿಲ್ಲ. ನಮ್ಮ ಸ್ವಂತ ಡಬ್ಬಿಗೆ ನಾವೇ ಹೊರಗಿನವರು.

ಇದೇ ಎಪಿಗಳಿಗೆ ಹೊಂದುವ ಚಿಕ್ಕ ಕಂಟ್ರೋಲರ್ ಡಬ್ಬಿ ಸಿಗುತ್ತದೆ. ಒಮ್ಮೆ ಹಣ ಕೊಟ್ಟು ಆಫೀಸಿನಲ್ಲೇ ಇಟ್ಟುಕೊಂಡರೆ ವರ್ಷದ ಬಾಡಿಗೆ ಇಲ್ಲ. ಬ್ಯಾಕಪ್, ಅಪ್‌ಡೇಟ್ ಎಲ್ಲ ನನ್ನ ಮೈಮೇಲೆ ಬೀಳುತ್ತವೆ, ಬೀಳಲಿ. ಸಾಹೇಬರ ಮುಂದೆ ಲೆಕ್ಕ ಇಟ್ಟೆ. ಅವರು ಹಾಳೆ ನೋಡಲೂ ಇಲ್ಲ. "ನಾ ಶೆಡ್ಡಿಗೆ ಹೋಗೂವಾಗ ಫೋನ್ ಕಟ್ ಆಗೂದಿಲ್ಲಲ್ಲಾ?" ಎಂದರು. ಇಲ್ರಿ ಎಂದೆ. ಕೊಟೇಶನ್ ತರಿಸಿದ್ದೇನೆ, ಈ ಸಲ ಸಣ್ಣಕ್ಷರದಿಂದಲೇ ಓದಲು ಶುರು ಮಾಡಿದ್ದೇನೆ.